ಚಳಿಯಲ್ಲಿ ನಡುಗುತ್ತಾ ಹಾಕಿ ನೋಡುವ ಸುಖ: ಛಾವಣಿ ಇಲ್ಲದ ಐಸ್ ಹಾಕಿಯ ಒಳಗುಟ್ಟು

2008ರ ಜನವರಿ 1. ಅಮೆರಿಕದ ಬಫಲೋ ಊರು. ಅಮೆರಿಕನ್ ಫುಟ್‌ಬಾಲ್ ಆಡುವ ದೊಡ್ಡ ಸ್ಟೇಡಿಯಂ. ಅದರ ನಟ್ಟನಡುವೆ ಒಂದು ಮಂಜುಗಡ್ಡೆಯ ಅಂಗಳ. ಸುತ್ತ 71,217 ಜನ ಕೂತಿದ್ದಾರೆ. ಮೇಲಿನಿಂದ ಹಿಮ ಉದುರುತ್ತಲೇ ಇದೆ.

ಆಟ 1-1 ಸಮ ಆಗಿದೆ. ಹೆಚ್ಚುವರಿ ಸಮಯವೂ ಮುಗಿದು ಶೂಟ್‌ಔಟ್, ಅಂದರೆ ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು ಗೋಲಿಗೆ ಹೊಡೆಯುವ ಸರದಿ ನಡೆಯುತ್ತಿದೆ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ಸಿಡ್ನಿ ಕ್ರಾಸ್ಬಿ ಒಬ್ಬರೇ ರಬ್ಬರಿನ ಬಿಲ್ಲೆ (ಪಕ್) ತಳ್ಳಿಕೊಂಡು ಗೋಲಿನ ಕಡೆ ಬರುತ್ತಾರೆ. ಆಗ ಅವರಿಗೆ 20 ವರ್ಷ. ಎದುರಿಗೆ ಬಫಲೋ ಸೇಬರ್ಸ್ ತಂಡದ ಗೋಲ್‌ಕೀಪರ್ ರಯಾನ್ ಮಿಲ್ಲರ್, ಹೆಲ್ಮೆಟ್ ಮೇಲೊಂದು ಉಣ್ಣೆ ಟೋಪಿ ಏರಿಸಿಕೊಂಡು ನಿಂತಿದ್ದಾರೆ. ಹಿಮದ ಪುಡಿಯಲ್ಲಿ ಪಕ್ ಸಲೀಸಾಗಿ ಜಾರುತ್ತಿಲ್ಲ. ಹಾಗೂ ಹೀಗೂ ಎಳೆದುಕೊಂಡು ಬಂದ ಕ್ರಾಸ್ಬಿ ಅದನ್ನು ಮಿಲ್ಲರ್ ಕಾಲುಗಳ ಸಂದಿಯಲ್ಲಿ ನುಗ್ಗಿಸಿದರು. ಆಟ ಮುಗಿಯಿತು. ಊರಿನ ತಂಡ ಸೋತಿತು.

ಆಟದ ಗುಣಮಟ್ಟ ಅಂತ ನೋಡಿದರೆ ಆ ದಿನ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮಂಜುಗಡ್ಡೆಯಲ್ಲಿ ಗುಂಡಿ ಬಿದ್ದು ಆಗಾಗ ಆಟ ನಿಲ್ಲಿಸಿ ತೇಪೆ ಹಾಕಬೇಕಾಯಿತು. ಪಾಸ್‌ಗಳು ಅರ್ಧ ದಾರಿಯಲ್ಲೇ ನಿಂತವು. ಆದರೂ ಐಸ್ ಹಾಕಿ ಪ್ರೇಮಿಗಳನ್ನು ಕೇಳಿ, ಈ ಶತಮಾನದ ಮರೆಯಲಾಗದ ಚಿತ್ರಗಳಲ್ಲಿ ಇದನ್ನೂ ಒಂದಾಗಿ ಹೇಳುತ್ತಾರೆ. ಒಳ್ಳೆಯ ಛಾವಣಿ, ಬೆಚ್ಚಗಿನ ಕುರ್ಚಿ, ಕನ್ನಡಿಯಂಥ ಮಂಜುಗಡ್ಡೆ ಎಲ್ಲ ಇರುವಾಗ ಅದನ್ನೆಲ್ಲ ಬಿಟ್ಟು ಹೊರಗೆ ಬಂದು ಕೆಟ್ಟ ಅಂಗಳದಲ್ಲಿ ಆಡುವುದನ್ನು ಜನ ಯಾಕೆ ಮುಗಿಬಿದ್ದು ನೋಡುತ್ತಾರೆ?

ಹಾಕಿ ಅಂದ ತಕ್ಷಣ ನಮಗೆ ಕೊಡಗು ನೆನಪಾಗುತ್ತದೆ, ಅಲ್ವಾ? ಇದು ಆ ಹಾಕಿ ಅಲ್ಲ. ಇಲ್ಲಿ ಚೆಂಡಿನ ಬದಲು ಪಕ್ ಅನ್ನುವ ಗಟ್ಟಿ ರಬ್ಬರಿನ ಬಿಲ್ಲೆ. 3 ಇಂಚು ಅಗಲ, 1 ಇಂಚು ದಪ್ಪ. ಒಂದು ತಂಡದಿಂದ ಐದು ಆಟಗಾರರು ಮತ್ತು ಒಬ್ಬ ಗೋಲ್‌ಕೀಪರ್ ಅಂಗಳದಲ್ಲಿರುತ್ತಾರೆ. ಕಾಲಿಗೆ ಚೂಪಾದ ಸ್ಕೇಟ್. 20 ನಿಮಿಷದ ಮೂರು ಅವಧಿ. ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್) ಇದರ ಅತಿ ದೊಡ್ಡ ಲೀಗ್. ಒಂದು ಋತುವಿನಲ್ಲಿ ಪ್ರತಿ ತಂಡ ಆಡುವ 80ಕ್ಕೂ ಹೆಚ್ಚು ಪಂದ್ಯಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಛಾವಣಿಯ ಕೆಳಗೇ. ಬಯಲಲ್ಲಿ ಆಡುವುದು ಇಡೀ ಲೀಗಿಗೆ ವರ್ಷಕ್ಕೆ ಬೆರಳೆಣಿಕೆಯಷ್ಟು ಪಂದ್ಯ. ಆ ಬೆರಳೆಣಿಕೆಯ ಪಂದ್ಯಗಳ ಕತೆ ಇದು.

ಮನೆ ಹಿತ್ತಲಿನ ಮಂಜುಗಡ್ಡೆ

ಈ ಆಟ ಹುಟ್ಟಿದ್ದೇ ಬಯಲಿನಲ್ಲಿ. ಹೆಪ್ಪುಗಟ್ಟಿದ ನದಿ, ಕೆರೆ, ಕೊಳಗಳ ಮೇಲೆ. 1875ರ ಮಾರ್ಚ್ 3ರಂದು ಮಾಂಟ್ರಿಯಲ್‌ನ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್ ಎಂಬ ಮಂಜುಗಡ್ಡೆಯ ಅಂಗಳದಲ್ಲಿ ನಡೆದ ಪಂದ್ಯವನ್ನು ಒಳಾಂಗಣದ ಮೊದಲ ವ್ಯವಸ್ಥಿತ ಪಂದ್ಯ ಎಂದು ಗುರುತಿಸುತ್ತಾರೆ. ಆಮೇಲೆ ಯಂತ್ರದಿಂದ ಮಂಜುಗಡ್ಡೆ ಮಾಡುವ ವಿದ್ಯೆ ಬಂತು. ಟಿಕೆಟ್ ಮಾರಿ ಆಡಿಸುವವರಿಗೆ ಹವಾಮಾನ ಅನ್ನೋದು ತಲೆನೋವು. ಇವತ್ತು ಕರಗಿತು, ನಾಳೆ ಹಿಮ ಬಿತ್ತು ಅಂದರೆ ವ್ಯಾಪಾರ ಮಾಡೋದು ಹೇಗೆ? ಹಾಗಾಗಿ ವೃತ್ತಿಪರ ಆಟ ಪೂರ್ತಿ ಒಳಗೆ ಸೇರಿಕೊಂಡಿತು.

ಆದರೆ ಕಲಿಯುವ ಜಾಗ ಮಾತ್ರ ಹೊರಗೇ ಉಳಿಯಿತು. ಕೆನಡಾದಲ್ಲಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಬಂತೆಂದರೆ ಅಪ್ಪಂದಿರು ರಾತ್ರಿ ಹೊತ್ತು ಪೈಪ್ ಹಿಡಿದು ಹಿತ್ತಲಿಗೆ ನೀರು ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಒಂಟಾರಿಯೋದ ಬ್ರಾಂಟ್‌ಫರ್ಡ್‌ನಲ್ಲಿ ವಾಲ್ಟರ್ ಗ್ರೆಟ್ಸ್ಕಿ ಹೀಗೆ ಮಾಡಿದ ಹಿತ್ತಲ ರಿಂಕ್‌ನಲ್ಲೇ ಅವರ ಮಗ ವೇಯ್ನ್ ಆಟ ಕಲಿತದ್ದು. ಆ ಹುಡುಗ ಮುಂದೆ ಎನ್‌ಎಚ್‌ಎಲ್‌ನಲ್ಲಿ 894 ಗೋಲು ಹೊಡೆದರು. ಆ ದಾಖಲೆಯನ್ನು ಅಲೆಕ್ಸಾಂಡರ್ ಒವೆಚ್ಕಿನ್ ಮುರಿಯಲು 2025ರ ಏಪ್ರಿಲ್ ಬರಬೇಕಾಯಿತು.

ಕೊಳದ ಮೇಲೆ ಮಕ್ಕಳು ಆಡುವ ಈ ಆಟಕ್ಕೆ ಅಲ್ಲಿ 'ಶಿನ್ನಿ' ಅನ್ನುತ್ತಾರೆ. ರೆಫರಿ ಇಲ್ಲ, ಗಡಿಯಾರ ಇಲ್ಲ, ಎಷ್ಟು ಜನ ಬಂದರೆ ಅಷ್ಟು ಜನ. ತಂಡ ಮಾಡುವ ರೀತಿಯಂತೂ ನನಗೆ ತುಂಬ ಇಷ್ಟ. ಎಲ್ಲರೂ ತಮ್ಮ ಸ್ಟಿಕ್‌ಗಳನ್ನು ನಡುವೆ ರಾಶಿ ಹಾಕುತ್ತಾರೆ. ಒಬ್ಬ ಕಣ್ಣು ಮುಚ್ಚಿಕೊಂಡು ಒಂದನ್ನು ಈ ಕಡೆ, ಒಂದನ್ನು ಆ ಕಡೆ ಎಸೆಯುತ್ತಾನೆ. ನಿನ್ನ ಸ್ಟಿಕ್ ಯಾವ ಕಡೆ ಬಿತ್ತೋ ನೀನು ಆ ತಂಡ. ಚೆನ್ನಾಗಿ ಆಡುವವನನ್ನು ಮೊದಲು ಆರಿಸಿ, ಬಾರದವನನ್ನು ಕೊನೆಗೆ ಉಳಿಸುವ ಅವಮಾನ ಇಲ್ಲಿಲ್ಲ. ನಮ್ಮ ಗಲ್ಲಿ ಕ್ರಿಕೆಟ್‌ಗೆ ಈ ಬುದ್ಧಿ ಯಾಕೆ ಬರಲಿಲ್ಲವೋ ಗೊತ್ತಿಲ್ಲ!

ಕೆನಡಾದವರಿಗೆ ಈ ಚಿತ್ರ ಎಷ್ಟು ಹತ್ತಿರದ್ದು ಅಂದರೆ, 2002ರಲ್ಲಿ ಬಂದ 5 ಡಾಲರ್ ನೋಟಿನ ಹಿಂದೆ ಅದನ್ನೇ ಮುದ್ರಿಸಿದ್ದರು. ಬಯಲಲ್ಲಿ ಹಾಕಿ ಆಡುವ, ಸ್ಕೇಟ್ ಮಾಡುವ, ಹಿಮದ ಮೇಲೆ ಜಾರುವ ಮಕ್ಕಳು. ಈಗ ಅರ್ಥವಾಗುತ್ತದೆ. ಕೋಟಿಗಟ್ಟಲೆ ಸಂಬಳದ ಆಟಗಾರ ಹಿಮ ಬೀಳುವ ಬಯಲಿಗೆ ಬಂದು ಪಕ್ ಸಿಕ್ಕದೆ ಒದ್ದಾಡಿದಾಗ, ನೋಡುವವರಿಗೆ ಕಾಣುವುದು ಬರೀ ಸ್ಟಾರ್ ಅಲ್ಲ. ತಮ್ಮ ಹಿತ್ತಲು ಕಾಣುತ್ತದೆ.

ಎಡ್ಮಂಟನ್‌ನ ಉಣ್ಣೆ ಟೋಪಿ

ಬಯಲಿಗೆ ವಾಪಸ್ ಹೋಗುವ ಪ್ರಯತ್ನಗಳು ಮೊದಲೂ ನಡೆದಿದ್ದವು. 1954ರ ಫೆಬ್ರವರಿಯಲ್ಲಿ ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡ ಮಿಷಿಗನ್ ರಾಜ್ಯದ ಮಾರ್ಕೆಟ್ ಎಂಬ ಊರಿನ ಜೈಲಿಗೆ ಹೋಗಿ, ಜೈಲಿನ ಅಂಗಳದಲ್ಲಿ ಕೈದಿಗಳ ಜೊತೆ ಆಡಿತ್ತು. ಮೊದಲ ಅವಧಿ ಮುಗಿದಾಗ 18-0. ಆಮೇಲೆ ಲೆಕ್ಕ ಇಡುವುದನ್ನೇ ಬಿಟ್ಟರಂತೆ. 1957ರ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಪಂದ್ಯ ಮಾಸ್ಕೋದ ಬಯಲು ಸ್ಟೇಡಿಯಂನಲ್ಲಿ ನಡೆಯಿತು. ಸುಮಾರು 55 ಸಾವಿರ ಜನರ ಮುಂದೆ ಸ್ವೀಡನ್ ಮತ್ತು ಸೋವಿಯತ್ ಒಕ್ಕೂಟ 4-4 ಸಮ ಮಾಡಿಕೊಂಡವು. 1991ರಲ್ಲಿ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಹೊರಗೆ, ಮರುಭೂಮಿಯ ಸೆಪ್ಟೆಂಬರ್ ಸೆಕೆಯಲ್ಲಿ, ಗ್ರೆಟ್ಸ್ಕಿ ಇದ್ದ ಲಾಸ್ ಏಂಜಲೀಸ್ ಕಿಂಗ್ಸ್ ತಂಡ ನ್ಯೂಯಾರ್ಕ್ ರೇಂಜರ್ಸ್ ಜೊತೆ ಅಭ್ಯಾಸ ಪಂದ್ಯ ಆಡಿತು. ದೀಪದ ಬೆಳಕಿಗೆ ಮಿಡತೆಗಳು ಹಾರಿ ಬಂದು ಮಂಜುಗಡ್ಡೆಯ ಮೇಲೆ ಬಿದ್ದವು.

2001ರ ಅಕ್ಟೋಬರ್‌ನಲ್ಲಿ ಮಿಷಿಗನ್‌ನ ಎರಡು ವಿಶ್ವವಿದ್ಯಾಲಯಗಳ ಪಂದ್ಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಡೆದಾಗ 74,554 ಜನ ಬಂದರು. ಲೀಗಿನವರ ಕಣ್ಣು ಅರಳಿದ್ದು ಆಗ.

ಅಂಕಪಟ್ಟಿಗೆ ಸೇರುವ ಎನ್‌ಎಚ್‌ಎಲ್ ಪಂದ್ಯವೊಂದು ಬಯಲಿಗೆ ಬಂದದ್ದು 2003ರ ನವೆಂಬರ್ 22ರಂದು, ಕೆನಡಾದ ಎಡ್ಮಂಟನ್‌ನಲ್ಲಿ. ಹೆಸರು ಹೆರಿಟೇಜ್ ಕ್ಲಾಸಿಕ್. ಅವತ್ತಿನ ಉಷ್ಣಾಂಶ ಸುಮಾರು ಮೈನಸ್ 18 ಡಿಗ್ರಿ. ಗಾಳಿ ಸೇರಿದರೆ ಇನ್ನೂ ಕೆಟ್ಟದು. ನಮ್ಮ ಮನೆಯ ಫ್ರೀಜರ್ ಒಳಗೆ ಇರುವ ಚಳಿ ಅಷ್ಟೇ. ಅಂದರೆ 57,167 ಜನ ದುಡ್ಡು ಕೊಟ್ಟು ಫ್ರೀಜರ್ ಒಳಗೆ ಕೂತರು. ಅದೂ ಒಂದಲ್ಲ, ಎರಡು ಪಂದ್ಯಕ್ಕೆ. ಮೊದಲು ಗ್ರೆಟ್ಸ್ಕಿ, ಮೆಸ್ಸಿಯೆ ಮುಂತಾದ ಹಳಬರ ಪಂದ್ಯ, ಆಮೇಲೆ ಎಡ್ಮಂಟನ್ ಆಯ್ಲರ್ಸ್ ಮತ್ತು ಮಾಂಟ್ರಿಯಲ್ ಕೆನೇಡಿಯನ್ಸ್ ಪಂದ್ಯ. ಕೆನೇಡಿಯನ್ಸ್ 4-3ರಿಂದ ಗೆದ್ದರು.

ಆ ದಿನದ ಅಂಕ ಯಾರಿಗೂ ಅಷ್ಟಾಗಿ ನೆನಪಿಲ್ಲ. ಎಲ್ಲರಿಗೂ ನೆನಪಿರುವುದು ಒಂದು ಟೋಪಿ. ಮಾಂಟ್ರಿಯಲ್‌ನ ಗೋಲ್‌ಕೀಪರ್ ಹೋಸೆ ಥಿಯೋಡೋರ್ ತಮ್ಮ ಮುಖವಾಡದ ಮೇಲೆ ತಂಡದ ಬಣ್ಣದ ಉಣ್ಣೆ ಟೋಪಿ ಎಳೆದುಕೊಂಡು ಆಡಿದರು. ಕೆನಡಾದಲ್ಲಿ ಅದಕ್ಕೆ ಟೂಕ್ ಅನ್ನುತ್ತಾರೆ. ನಮ್ಮ ಅಜ್ಜಂದಿರ ಮಂಕಿ ಕ್ಯಾಪ್ ಇದ್ದ ಹಾಗೆ, ಅಲ್ಲಿ ಅದು ಮನೆಮನೆಯ ವಸ್ತು. ಹುಡುಗರು ಕೊಳದ ಮೇಲೆ ಹಾಕಿಕೊಳ್ಳುವ ಟೋಪಿಯನ್ನು ವೃತ್ತಿಪರ ಗೋಲ್‌ಕೀಪರ್ ಹೆಲ್ಮೆಟ್ ಮೇಲೆ ಹಾಕಿದ್ದು ಜನರ ಎದೆಗೆ ನಾಟಿತು. ನಾಲ್ಕು ವರ್ಷದ ಮೇಲೆ ಬಫಲೋದಲ್ಲಿ ಮಿಲ್ಲರ್ ಹಾಕಿಕೊಂಡದ್ದೂ ಅದೇ ಬಗೆಯ ಟೋಪಿ.

ಇನ್ನೊಂದು ತಮಾಷೆ. ಎಡ್ಮಂಟನ್‌ನಲ್ಲಿ ಎದುರು ಗೋಲಿನಲ್ಲಿ ನಿಂತಿದ್ದವರು ಟೈ ಕಾಂಕ್ಲಿನ್. 2008ರಲ್ಲಿ ಬಫಲೋದಲ್ಲಿ ಪಿಟ್ಸ್‌ಬರ್ಗ್ ಗೋಲಿನಲ್ಲಿ ನಿಂತವರೂ ಅವರೇ. 2009ರಲ್ಲಿ ಷಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಡೆಟ್ರಾಯ್ಟ್ ಪರವಾಗಿ ಮತ್ತೆ ಅವರೇ! ಲೀಗಿನ ಮೊದಲ ಮೂರು ಬಯಲು ಪಂದ್ಯಗಳಲ್ಲಿ, ಮೂರು ಬೇರೆ ಬೇರೆ ತಂಡಗಳಿಗೆ, ಒಬ್ಬರೇ ಗೋಲ್‌ಕೀಪರ್. ಅವರೇನೂ ದೊಡ್ಡ ಸ್ಟಾರ್ ಅಲ್ಲ. ಹವಾಮಾನಕ್ಕೆ ಅವರ ಮೇಲೆ ಏನೋ ಪ್ರೀತಿ ಅಷ್ಟೇ.

ಏಳನೇ ಆಟಗಾರ

ಬಯಲಿಗೆ ಬಂದಾಗ ಆಟ ಹೇಗೆ ಬದಲಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಳಾಂಗಣದಲ್ಲಿ ಗಾಳಿ ಇಲ್ಲ, ಬಿಸಿಲಿಲ್ಲ, ಮಂಜುಗಡ್ಡೆ ಎಲ್ಲ ಕಡೆ ಒಂದೇ ಥರ. ಆಟಗಾರ ನೋಡದೆಯೂ ಪಾಸ್ ಕೊಡಬಹುದು, ಪಕ್ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರುತ್ತದೆ. ಹೊರಗೆ ಆ ಭರವಸೆ ಇಲ್ಲ. ಹಿಮದ ಪುಡಿ ಸೇರಿದರೆ ಪಕ್ ನಿಧಾನವಾಗುತ್ತದೆ. ಮಂಜುಗಡ್ಡೆ ಒರಟಾದರೆ ಪುಟಿಯುತ್ತದೆ. ಹಾಗಾಗಿ ಚಂದದ ಕೈಚಳಕ ಬಿಟ್ಟು ತಂಡಗಳು ಸರಳ ಆಟಕ್ಕೆ ಇಳಿಯುತ್ತವೆ. ಹತ್ತಿರದವನಿಗೆ ಪಾಸ್ ಕೊಡು, ಇಲ್ಲವಾದರೆ ಪಕ್ಕನ್ನು ಎದುರಾಳಿಯ ಮೂಲೆಗೆ ಹೊಡೆದು ಹಿಂದೆ ಓಡು, ಅವಕಾಶ ಸಿಕ್ಕಿದರೆ ಸುಮ್ನೆ ಗೋಲಿನ ಕಡೆ ಹೊಡೆ. ಒಂದು ರೀತಿಯಲ್ಲಿ ಇದು ಎಲ್ಲರನ್ನೂ ಸಮ ಮಾಡುತ್ತದೆ. ಜಾಣ ತಂಡದ ಜಾಣತನ ಅರ್ಧ ಕೆಲಸಕ್ಕೆ ಬಾರದು.

ಬಿಸಿಲಿದ್ದರೆ ಬಿಳಿ ಅಂಗಳದಿಂದ ಬೆಳಕು ಕಣ್ಣಿಗೆ ಕುಕ್ಕುತ್ತದೆ. ಅದಕ್ಕೇ ಆಟಗಾರರು ಕಣ್ಣ ಕೆಳಗೆ ಕಪ್ಪು ಬಣ್ಣ ಬಳಿದುಕೊಳ್ಳುತ್ತಾರೆ. ಗಾಳಿ ಒಂದೇ ದಿಕ್ಕಿನಿಂದ ಬೀಸಿದರೆ ಒಂದು ತಂಡಕ್ಕೆ ಅನ್ಯಾಯ. ಹಾಗಾಗಿ ಬಯಲು ಪಂದ್ಯಗಳಲ್ಲಿ ಮೂರನೇ ಅವಧಿಯ ನಡುವೆ, 10 ನಿಮಿಷ ಉಳಿದಾಗ, ಆಟ ನಿಲ್ಲಿಸಿ ತಂಡಗಳ ದಿಕ್ಕು ಬದಲಿಸಿದ್ದುಂಟು. ಒಳಾಂಗಣದಲ್ಲಿ ಇಂಥ ನಿಯಮದ ಅಗತ್ಯವೇ ಇಲ್ಲ. ಹವಾಮಾನವೂ ಒಬ್ಬ ಆಟಗಾರ ಅಂತ ಲೀಗೇ ಒಪ್ಪಿಕೊಂಡ ಹಾಗಾಯಿತು.

ಚಳಿಯ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳುವುದಿಲ್ಲ. ಸ್ಕೇಟ್ ಮಾಡುವ ಆಟಗಾರ ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ ಬೆಂಚಿಗೆ ಬರುತ್ತಾನೆ. ಬೆಂಚಿನಲ್ಲಿ ಹೀಟರ್ ಇರುತ್ತದೆ. ಗೋಲ್‌ಕೀಪರ್ ಪಾಡು ಬೇರೆ. ಅವನು ಇಡೀ ಅವಧಿ ನಿಂತಲ್ಲೇ ನಿಲ್ಲಬೇಕು. ಬೆವರಿದ ಬಟ್ಟೆ ಮೈಮೇಲೆಯೇ ತಣ್ಣಗಾಗುತ್ತದೆ. ಅಂಥ ಹೊತ್ತಲ್ಲಿ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಕಲ್ಲಿನಂಥ ರಬ್ಬರ್ ಬಂದರೆ ತಡೆಯಬೇಕು.

ಈವರೆಗೆ ಅತಿ ಚಳಿಯ ಎನ್‌ಎಚ್‌ಎಲ್ ಪಂದ್ಯ ನಡೆದದ್ದು 2022ರ ಜನವರಿ 1ರಂದು, ಮಿನಿಯಾಪೊಲಿಸ್‌ನ ಬೇಸ್‌ಬಾಲ್ ಮೈದಾನದಲ್ಲಿ. ಆಟ ಶುರುವಾದಾಗ ಮೈನಸ್ 21 ಡಿಗ್ರಿ. ಸೇಂಟ್ ಲೂಯಿಸ್ ಬ್ಲೂಸ್ ಆಟಗಾರರು ಮೈದಾನಕ್ಕೆ ಬಂದದ್ದು ಹೇಗೆ ಗೊತ್ತಾ? ಚಡ್ಡಿ, ಚಪ್ಪಲಿ, ಬೀಚಿಗೆ ಹೋಗುವ ಅಂಗಿ! ಊರಿನವರನ್ನು ಕೆಣಕಲು ಮಾಡಿದ ಪುಂಡಾಟ. ಆಮೇಲೆ 6-4ರಿಂದ ಗೆದ್ದೂ ಬಿಟ್ಟರು. ಅಷ್ಟು ಚಳಿಯಲ್ಲಿ ಹತ್ತು ಗೋಲು ಬಿದ್ದವು ಅನ್ನುವುದನ್ನು ಗಮನಿಸಿ. ಅದಕ್ಕೆ ಕಾರಣ ಮಂಜುಗಡ್ಡೆ ಚೆನ್ನಾಗಿತ್ತು ಅನ್ನೋದೂ ಹೌದು. ಅದು ಹೇಗೆ ಅಂತ ಈಗ ಹೇಳುತ್ತೇನೆ.

ಸುಣ್ಣ ಬಳಿದ ಹಾಗೆ ಮಂಜುಗಡ್ಡೆ

ಚಳಿಗಾಲದಲ್ಲಿ ನೀರು ಹೊರಗಿಟ್ಟರೆ ತಾನೇ ಹೆಪ್ಪುಗಟ್ಟುತ್ತದಲ್ಲ, ಇದರಲ್ಲೇನು ಕಷ್ಟ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಈ ಪಂದ್ಯಗಳಲ್ಲಿ ಸಹಜವಾಗಿ ಆಗುವ ಮಂಜುಗಡ್ಡೆ ಅನ್ನೋದೇ ಇಲ್ಲ. ಎಲ್ಲವೂ ಲಾರಿಯಿಂದ ಬಂದದ್ದು.

ಬಫಲೋದಲ್ಲಿ ಫುಟ್‌ಬಾಲ್ ತಂಡದ ಕೊನೆಯ ತವರು ಪಂದ್ಯ ಮುಗಿದದ್ದು ಡಿಸೆಂಬರ್ 23ಕ್ಕೆ. ಹಾಕಿ ಜನವರಿ 1ಕ್ಕೆ. ನಡುವೆ ಒಂದು ವಾರ ಚಿಲ್ಲರೆ. ಮದುವೆ ಮನೆಯ ಚಪ್ಪರದ ಗಡಿಬಿಡಿಯೇ.

ಮೊದಲ ಕೆಲಸ ನೆಲ ಮಟ್ಟ ಮಾಡುವುದು. ಫುಟ್‌ಬಾಲ್ ಮೈದಾನ ನೋಡಲು ಚಪ್ಪಟೆ ಕಂಡರೂ ಮಳೆನೀರು ಹರಿದುಹೋಗಲಿ ಅಂತ ನಡುವೆ ಸ್ವಲ್ಪ ಉಬ್ಬಿರುತ್ತದೆ. ಬೇಸ್‌ಬಾಲ್ ಮೈದಾನದಲ್ಲಿ ಬೌಲರ್ ನಿಲ್ಲುವ ದಿಬ್ಬವೇ ಇರುತ್ತದೆ. ನೀರಿಗೆ ಇದೆಲ್ಲ ತಕ್ಷಣ ಗೊತ್ತಾಗುತ್ತದೆ. ಒಂದು ಕಡೆ ತಗ್ಗಿದ್ದರೆ ಅಲ್ಲಿ ಮಂಜುಗಡ್ಡೆ ದಪ್ಪ, ಇನ್ನೊಂದು ಕಡೆ ತೆಳು. ಹಾಗಾಗಿ ಹುಲ್ಲಿನ ಮೇಲೆ ಹೊದಿಕೆ ಹಾಸಿ, ಅದರ ಮೇಲೆ ಅಟ್ಟಣೆ ಕಟ್ಟಿ, ಇಂಚಿಂಚು ಮಟ್ಟ ನೋಡುತ್ತಾರೆ. ಅದರ ಮೇಲೆ ಅಲ್ಯೂಮಿನಿಯಂ ಹಲಗೆಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಹಲಗೆಗಳ ಒಳಗೆ ಕೊಳವೆಗಳಿರುತ್ತವೆ.

ಆ ಕೊಳವೆಗಳಲ್ಲಿ ಹರಿಯುವುದು ಗ್ಲೈಕಾಲ್ ಬೆರೆಸಿದ ದ್ರವ. ಸೊನ್ನೆಗಿಂತ ಎಷ್ಟೋ ಕೆಳಗೆ ಹೋದರೂ ಅದು ಹೆಪ್ಪುಗಟ್ಟುವುದಿಲ್ಲ. ಅದನ್ನು ತಣಿಸುವ ಯಂತ್ರ ಸ್ಟೇಡಿಯಂ ಹೊರಗೆ ನಿಂತ ಟ್ರಕ್‌ನಲ್ಲಿದೆ. ಎನ್‌ಎಚ್‌ಎಲ್ ಮಾಡಿಸಿಕೊಂಡಿರುವ ಟ್ರಕ್ 53 ಅಡಿ ಉದ್ದ, ಅದರ ತಣಿಸುವ ಶಕ್ತಿ 300 ಟನ್. ನಮ್ಮ ಮನೆಗಳ ಎಸಿ ಒಂದೂವರೆ ಟನ್ ಅಲ್ವಾ? ಅಂಥ 200 ಎಸಿ ಒಟ್ಟಿಗೆ ಓಡಿದ ಹಾಗೆ.

ಈಗ ನೀರು. ಇಲ್ಲೇ ಇರೋದು ಕಸುಬು. ಒಂದೇ ಸಲ ಸುರಿದರೆ ಗಾಳಿಗುಳ್ಳೆ ಸೇರಿ ಮಂಜುಗಡ್ಡೆ ಪೊಳ್ಳಾಗುತ್ತದೆ. ಅದಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ ಮಾಡುತ್ತಾರೆ. ತೆಳ್ಳಗೆ ಒಂದು ಕೈ ಸಿಂಪಡಿಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಕೈ. ಹೀಗೆ ಮತ್ತೆ ಮತ್ತೆ. ನಡುವೆ ಬಿಳಿ ಬಣ್ಣ, ಅದರ ಮೇಲೆ ಕೆಂಪು ಮತ್ತು ನೀಲಿ ಗೆರೆಗಳು, ಲಾಂಛನಗಳು, ಅದರ ಮೇಲೆ ಮತ್ತೆ ನೀರಿನ ಪದರ. ಒಳಾಂಗಣದಲ್ಲಿ ಮಂಜುಗಡ್ಡೆ ಒಂದು ಇಂಚಿಗಿಂತ ತುಸು ಜಾಸ್ತಿ ದಪ್ಪ ಇದ್ದರೆ ಸಾಕು. ಹೊರಗೆ ಎರಡು ಇಂಚು ಬೇಕು. ಬಿಸಿಲಿಗೆ, ಮಳೆಗೆ ಸ್ವಲ್ಪ ಹೋದರೂ ಉಳಿಯಲಿ ಅಂತ. ಅಂಗಳದ ಅಳತೆ 200 ಅಡಿಗೆ 85 ಅಡಿ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 80 ಸಾವಿರ ಲೀಟರ್ ನೀರು. ಬೆಂಗಳೂರಿನ ಬೇಸಿಗೆಯಲ್ಲಿ ಬೀದಿ ಬೀದಿ ಸುತ್ತುವ 6 ಸಾವಿರ ಲೀಟರಿನ ಟ್ಯಾಂಕರ್ ಹಿಡಿದರೆ 13 ಟ್ಯಾಂಕರ್.

ಮಂಜುಗಡ್ಡೆಯನ್ನು ಮೈನಸ್ 5ರ ಆಸುಪಾಸಿನಲ್ಲಿ ಇಡಬೇಕು. ಬೆಚ್ಚಗಾದರೆ ಮೆತ್ತಗಾಗಿ ಸ್ಕೇಟ್ ಕೊರೆಯುತ್ತದೆ. ಇದು ಎಲ್ಲರಿಗೂ ಗೊತ್ತಾಗುವ ಮಾತು. ಆದರೆ ಜಾಸ್ತಿ ತಣ್ಣಗಾದರೂ ತೊಂದರೆ. ಆಗ ಅದು ಗಾಜಿನ ಹಾಗೆ ಪೆಡಸಾಗುತ್ತದೆ. ಸ್ಕೇಟಿನ ಅಂಚು ತಾಗಿದಲ್ಲೆಲ್ಲ ಚಕ್ಕೆ ಏಳುತ್ತದೆ. ಎಡ್ಮಂಟನ್‌ನಲ್ಲಿ ಆಟಗಾರರು ದೂರಿದ್ದು ಇದನ್ನೇ. ಆದ್ದರಿಂದ ಈಗ ವಿಪರೀತ ಚಳಿ ಬಿದ್ದರೆ ಅದೇ ಕೊಳವೆಗಳಲ್ಲಿ ತುಸು ಬೆಚ್ಚಗಿನ ದ್ರವ ಹರಿಸುತ್ತಾರೆ. ಮೈನಸ್ 21ರ ಮಿನಿಯಾಪೊಲಿಸ್‌ನಲ್ಲಿ ಟ್ರಕ್‌ನ ಕೆಲಸ ಮಂಜುಗಡ್ಡೆಯನ್ನು ತಣ್ಣಗಿಡುವುದಕ್ಕಿಂತ ಬೆಚ್ಚಗಿಡುವುದೇ ಆಗಿತ್ತು!

ಸೂರ್ಯ ಗೆದ್ದ ದಿನ

ಹಿಮ ಬಿದ್ದರೆ ಗುದ್ದಲಿ ಹಿಡಿದು ತಳ್ಳಬಹುದು. ಚಳಿಯನ್ನು ತಡೆಯಬಹುದು. ಈ ಪಂದ್ಯಗಳ ನಿಜವಾದ ಶತ್ರು ಬಿಸಿಲು. ಬರೀ ಸೆಕೆ ಅಲ್ಲ, ಬಿಸಿಲು.

2021ರ ಫೆಬ್ರವರಿ. ಕೋವಿಡ್ ಕಾಲ, ಪ್ರೇಕ್ಷಕರನ್ನು ಬಿಡುವ ಹಾಗಿಲ್ಲ. ಹೇಗೂ ಜನ ಇಲ್ಲ ಅಂದ ಮೇಲೆ ಸ್ಟೇಡಿಯಂ ಯಾಕೆ ಅಂತ ಲೀಗಿನವರು ಲೇಕ್ ಟಾಹೋ ದಂಡೆಯ ಗಾಲ್ಫ್ ಮೈದಾನದಲ್ಲಿ ರಿಂಕ್ ಕಟ್ಟಿದರು. ಹಿಂದೆ ನೀಲಿ ಸರೋವರ, ಅದರಾಚೆ ಹಿಮದ ಬೆಟ್ಟಗಳು, ಸುತ್ತ ಪೈನ್ ಮರಗಳು. ಕ್ಯಾಲೆಂಡರಿನ ಚಿತ್ರವೇ. ಫೆಬ್ರವರಿ 20ರ ನಡು ಮಧ್ಯಾಹ್ನ ಕೊಲರಾಡೋ ಅವಲಾಂಚ್ ಮತ್ತು ವೇಗಸ್ ಗೋಲ್ಡನ್ ನೈಟ್ಸ್ ಆಟ ಶುರು ಮಾಡಿದರು. ಮೋಡ ಇರುತ್ತದೆ ಅಂದುಕೊಂಡಿದ್ದರು. ಇರಲಿಲ್ಲ.

ಆಗ ನಡೆದದ್ದು ಇಷ್ಟು. ಮಂಜುಗಡ್ಡೆ ಹೆಚ್ಚುಕಡಿಮೆ ಪಾರದರ್ಶಕ. ಬೆಳಕು ಮೇಲಿನ ಪದರ ದಾಟಿ ಒಳಗಿನ ಬಣ್ಣಕ್ಕೆ ತಾಗುತ್ತದೆ. ಬಿಳಿ ಬಣ್ಣ ಬೆಳಕನ್ನು ವಾಪಸ್ ಎಸೆಯುತ್ತದೆ. ಆದರೆ ಗಾಢ ಬಣ್ಣದ ಗೆರೆ, ಲಾಂಛನ, ಜಾಹೀರಾತುಗಳು ಅದನ್ನು ಹೀರಿಕೊಂಡು ಬಿಸಿಯಾಗುತ್ತವೆ. ನಡು ಬೇಸಿಗೆಯಲ್ಲಿ ಕಪ್ಪು ಅಂಗಿ ಹಾಕಿಕೊಂಡು ಹೊರಟವರಿಗೆ ಇದನ್ನು ವಿವರಿಸಬೇಕಿಲ್ಲ. ಅಂದರೆ ಗಾಳಿ ತಣ್ಣಗಿದ್ದರೂ, ಕೆಳಗೆ ಟ್ರಕ್ ತಣಿಸುತ್ತಲೇ ಇದ್ದರೂ, ಬಣ್ಣ ಇರುವ ಕಡೆ ಮಂಜುಗಡ್ಡೆ ಒಳಗಿನಿಂದ ಮೆತ್ತಗಾಗುತ್ತದೆ. ಆಟಗಾರರು ಸುಮ್ಮನೆ ಸ್ಕೇಟ್ ಮಾಡುತ್ತಿರುವಾಗಲೇ ಕಾಲು ಸಿಕ್ಕಿ ಬೀಳತೊಡಗಿದರು. ರೆಫರಿಗಳೂ ಬಿದ್ದರು.

ಮೊದಲ ಅವಧಿ ಮುಗಿದ ಮೇಲೆ ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ಆಟ ನಿಲ್ಲಿಸಿದರು. ಎಂಟು ಗಂಟೆ ಬಿಡುವು! ಮತ್ತೆ ಶುರುವಾದದ್ದು ಅಲ್ಲಿನ ರಾತ್ರಿ 9 ಗಂಟೆಗೆ. ಸರೋವರ, ಬೆಟ್ಟ ಯಾವುದೂ ಕಾಣದ ಕತ್ತಲಲ್ಲಿ ಕೊಲರಾಡೋ 3-2ರಿಂದ ಗೆದ್ದಿತು. ಯಾವ ನೋಟಕ್ಕಾಗಿ ಅಷ್ಟು ದೂರ ಹೋದರೋ ಅದೇ ನೋಟ ಕೊಟ್ಟ ಬೆಳಕು ಆಟವನ್ನು ಕೆಡಿಸಿತ್ತು. ಮರುದಿನದ ಪಂದ್ಯವನ್ನು ಸಂಜೆಗೆ ತಳ್ಳಿದರು.

2011ರ ಜನವರಿ 1ರಂದು ಪಿಟ್ಸ್‌ಬರ್ಗ್‌ನಲ್ಲಿ ಮಳೆ ಬರುತ್ತದೆಂದು ಮಧ್ಯಾಹ್ನದ ಪಂದ್ಯವನ್ನು ರಾತ್ರಿ 8ಕ್ಕೆ ಹಾಕಿದ್ದರು. ಇಂಥ ಅಪಾಯ ಪ್ರತಿ ಸಲವೂ ಇರುತ್ತದೆ. ನನ್ನ ಪ್ರಕಾರ ಆಕರ್ಷಣೆಯ ಒಂದು ಪಾಲು ಇಲ್ಲೇ ಇದೆ. ಒಳಾಂಗಣದ ಪಂದ್ಯ ನಡೆದೇ ನಡೆಯುತ್ತದೆ. ಇದು ನಡೆಯುತ್ತದೋ ಇಲ್ಲವೋ ಅನ್ನುವ ಅಳುಕಿನಲ್ಲೇ ಜನ ಬೆಳಗ್ಗೆ ಎದ್ದು ಆಕಾಶ ನೋಡುತ್ತಾರೆ.

ಕಾಣದ ಪಕ್, ಕಾಣುವ ಜನ

ಒಂದು ನಿಜ ಹೇಳಿಬಿಡುತ್ತೇನೆ. ಸ್ಟೇಡಿಯಂನಲ್ಲಿ ಕೂತವರಿಗೆ ಆಟ ಸರಿಯಾಗಿ ಕಾಣುವುದೇ ಇಲ್ಲ. ಒಳಾಂಗಣದಲ್ಲಿ ಕುರ್ಚಿಗಳು ರಿಂಕ್‌ಗೆ ಅಂಟಿಕೊಂಡಿರುತ್ತವೆ. ಬೇಸ್‌ಬಾಲ್ ಮೈದಾನದ ಮೇಲಿನ ಸಾಲಿನಿಂದ 3 ಇಂಚಿನ ಪಕ್ ಹುಡುಕುವುದೆಂದರೆ ಅರಮನೆ ಅಂಗಳದಲ್ಲಿ ಬಿದ್ದ ಬಳೆ ಹುಡುಕಿದ ಹಾಗೆ. ಜನ ದೊಡ್ಡ ಪರದೆ ನೋಡುತ್ತಾರೆ. ಹಾಗಾದರೆ ಮನೆಯಲ್ಲೇ ಟಿವಿ ನೋಡಬಹುದಿತ್ತಲ್ಲ?

ದಸರಾ ಜಂಬೂ ಸವಾರಿಗೆ ಹೋದವರನ್ನು ಕೇಳಿ. ಟಿವಿಯಲ್ಲಿ ಅಂಬಾರಿ ಚೆನ್ನಾಗಿ ಕಾಣುತ್ತದೆ. ಆದರೂ ಬೆಳಗ್ಗೆಯೇ ಹೋಗಿ ಫುಟ್‌ಪಾತ್ ಮೇಲೆ ಜಾಗ ಹಿಡಿಯುತ್ತಾರೆ. ಇಲ್ಲೂ ಅದೇ. 2014ರ ಜನವರಿ 1ರಂದು ಆ್ಯನ್ ಆರ್ಬರ್‌ನ ಮಿಷಿಗನ್ ಸ್ಟೇಡಿಯಂಗೆ ಬಂದವರು 1,05,491 ಜನ. ಮೈನಸ್ 11ರ ಚಳಿ, ಎಡೆಬಿಡದೆ ಹಿಮ. ಅರ್ಧ ಸ್ಟೇಡಿಯಂ ಡೆಟ್ರಾಯ್ಟ್‌ನ ಕೆಂಪು, ಇನ್ನರ್ಧ ಗಡಿ ದಾಟಿ ಬಂದ ಟೊರಾಂಟೊದ ನೀಲಿ. ಟೊರಾಂಟೊ ಶೂಟ್‌ಔಟ್‌ನಲ್ಲಿ 3-2ರಿಂದ ಗೆದ್ದಿತು. ಬಿಡುವಿನಲ್ಲೆಲ್ಲ ಕೆಲಸದವರು ಗುದ್ದಲಿ ಹಿಡಿದು ಹಿಮ ತಳ್ಳುತ್ತಿದ್ದರು. ಒಂದೇ ಚಳಿಯಲ್ಲಿ ಲಕ್ಷ ಜನ ಒಟ್ಟಿಗೆ ನಡುಗಿದರೆ ಪಕ್ಕದವನು ಅಪರಿಚಿತ ಅನ್ನಿಸುವುದಿಲ್ಲ. ಕೆಳಗೆ ಆಡುವವರೂ ಅದೇ ಚಳಿಯಲ್ಲಿದ್ದಾರೆ. ಬೇರೆ ದಿನ ಆಟಗಾರ ಮತ್ತು ಪ್ರೇಕ್ಷಕನ ನಡುವೆ ಗಾಜಿನ ಗೋಡೆ ಇರುತ್ತದೆ. ಇವತ್ತೂ ಗಾಜು ಇದೆ, ಆದರೆ ಹಿಮ ಎರಡೂ ಕಡೆ ಬೀಳುತ್ತಿದೆ.

ಇದೆಲ್ಲ ಬರೀ ಭಾವುಕತೆ ಅಂದುಕೊಳ್ಳಬೇಡಿ. ಲೀಗಿಗೆ ಲೆಕ್ಕವೂ ಇತ್ತು. ಸಂಬಳದ ಜಗಳದಲ್ಲಿ 2004-05ರ ಇಡೀ ಋತು ರದ್ದಾಗಿ ಎನ್‌ಎಚ್‌ಎಲ್ ಅಮೆರಿಕದ ಟಿವಿಯಲ್ಲಿ ಮೂಲೆಗೆ ಸೇರಿತ್ತು. ಹೊಸ ವರ್ಷದ ದಿನ ಅಲ್ಲಿ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಕಾಲೇಜು ಫುಟ್‌ಬಾಲ್ ನೋಡುವ ರೂಢಿ. ಅದೇ ದಿನಕ್ಕೆ ಒಂದು ಬಯಲು ಹಾಕಿ ಇಟ್ಟರೆ, ಹಾಕಿ ಗೊತ್ತಿಲ್ಲದವರೂ ಹಿಮ ನೋಡಿ ಚಾನೆಲ್ ನಿಲ್ಲಿಸುತ್ತಾರೆ. ಹೊಸ ವರ್ಷದ ಈ ಬಯಲು ಪಂದ್ಯ, ಅಂದರೆ ವಿಂಟರ್ ಕ್ಲಾಸಿಕ್, ಹುಟ್ಟಿದ್ದು ಹೀಗೆ. ಹಳೇ ಕಾಲದ ವಿನ್ಯಾಸದ ಜೆರ್ಸಿ ಮಾರಾಟ ಬೇರೆ.

ದುಡ್ಡು ಕಂಡ ಮೇಲೆ ಕೈ ಕಟ್ಟಿ ಕೂರುವವರು ಯಾರು? 2013-14ರ ಒಂದೇ ಋತುವಿನಲ್ಲಿ ಆರು ಬಯಲು ಪಂದ್ಯ ಇಟ್ಟರು. ಅದರಲ್ಲೊಂದು ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ, ಜನ ಟೀ ಷರ್ಟ್ ಹಾಕಿಕೊಂಡು ಬರುವಂಥ ಹವೆಯಲ್ಲಿ. ಹಬ್ಬದೂಟ ದಿನಾ ಬಡಿಸಿದರೆ ಏನಾಗುತ್ತದೋ ಅದೇ ಆಯಿತು. ಟಿವಿ ನೋಡುವವರ ಸಂಖ್ಯೆ ಮೊದಲ ವರ್ಷಗಳ ಮಟ್ಟದಲ್ಲಿ ಉಳಿಯಲಿಲ್ಲ. ಆದರೆ ಮೈದಾನಕ್ಕೆ ಬರುವವರು ನಿಂತಿಲ್ಲ. ಹೊಸ ಊರಿಗೆ ಹೋದಾಗಲೆಲ್ಲ ಆ ಊರಿನವರಿಗೆ ಅದು ಮೊದಲ ಸಲವೇ. 2025ರ ಮಾರ್ಚ್ 1ರಂದು ಒಹಾಯೋ ಸ್ಟೇಡಿಯಂನಲ್ಲಿ 94,751 ಜನ ಸೇರಿದ್ದರು.

2026ರ ಜನವರಿ 2ರ ವಿಂಟರ್ ಕ್ಲಾಸಿಕ್ ಎಲ್ಲಿ ನಡೆಯಿತು ಅಂದರೆ ನಗು ಬರುತ್ತದೆ. ತೆಂಗಿನ ಮರಗಳ ಮಯಾಮಿಯಲ್ಲಿ! ಮುಚ್ಚಿ ತೆರೆಯುವ ಛಾವಣಿಯ ಬೇಸ್‌ಬಾಲ್ ಮೈದಾನ, ರಾತ್ರಿ ಪಂದ್ಯ. ನನಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಚಳಿಯೇ ಇಲ್ಲದ ಮೇಲೆ ಛಾವಣಿ ತೆಗೆದು ಏನು ಸಿಗುತ್ತದೆ? ಆದರೆ ಟ್ರಕ್‌ನ ತಾಕತ್ತು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅತ್ತ ಉತ್ತರದಲ್ಲಿ ನಿಜವಾದ ಮಂಜುಗಡ್ಡೆಗೇ ಕಷ್ಟ ಬಂದಿದೆ. ಒಟ್ಟಾವಾದ ರೀಡೋ ಕಾಲುವೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ದಾರಿ ಆಗುತ್ತದೆ. 2022-23ರ ಚಳಿಗಾಲದಲ್ಲಿ ಅದು ಒಂದು ದಿನವೂ ತೆರೆಯಲಿಲ್ಲ. ಹಾಗಾದದ್ದು ಅದೇ ಮೊದಲು. ಒಂಟಾರಿಯೋದ ವಿಲ್ಫ್ರಿಡ್ ಲಾರಿಯೆ ವಿಶ್ವವಿದ್ಯಾಲಯದವರು 2013ರಿಂದ 'ರಿಂಕ್‌ವಾಚ್' ಅಂತ ಒಂದು ಕೆಲಸ ನಡೆಸುತ್ತಿದ್ದಾರೆ. ಹಿತ್ತಲಲ್ಲಿ ರಿಂಕ್ ಮಾಡುವವರು ಯಾವ ದಿನ ಸ್ಕೇಟ್ ಮಾಡಲು ಆಯಿತು, ಯಾವ ದಿನ ಆಗಲಿಲ್ಲ ಅಂತ ಬರೆದು ಕಳಿಸುತ್ತಾರೆ. ಅಪ್ಪ ಪೈಪ್ ಹಿಡಿದು ನಿಲ್ಲುವ ರಾತ್ರಿಗಳು ಎಷ್ಟು ಉಳಿದಿವೆ ಅನ್ನುವ ಲೆಕ್ಕ ಅದು.

ನಮ್ಮಲ್ಲಿಂದ ನೋಡುವವರಿಗೊಂದು ಮಾತು. ಅಮೆರಿಕದ ಪೂರ್ವ ಭಾಗದಲ್ಲಿ ಮಧ್ಯಾಹ್ನ 1 ಗಂಟೆ ಅಂದರೆ ನಮಗೆ ರಾತ್ರಿ ಹನ್ನೊಂದೂವರೆ. ಹೊದ್ದುಕೊಂಡು ನೋಡಲು ಹೇಳಿ ಮಾಡಿಸಿದ ಹೊತ್ತು. ಪಕ್ ಕಾಣದಿದ್ದರೆ ಬೇಜಾರು ಬೇಡ. ಗೋಲ್‌ಕೀಪರ್ ತಲೆಯ ಮೇಲೆ ಟೋಪಿ ಇದೆಯಾ, ನೆರಳು ಯಾವ ಕಡೆ ಬಿದ್ದಿದೆ, ತೇಪೆ ಹಾಕುವವರು ಎಷ್ಟು ಸಲ ಬಂದರು, ಇದನ್ನು ನೋಡಿ.

ಛಾವಣಿ ಇಲ್ಲದ ಐಸ್ ಹಾಕಿ ನೋಡಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಲಡಾಖ್‌ನ ಲೇಹ್‌ನಲ್ಲಿ ಡಿಸೆಂಬರ್, ಜನವರಿಯಲ್ಲಿ ಕೊಳಗಳು ಹೆಪ್ಪುಗಟ್ಟುತ್ತವೆ. 1970ರ ದಶಕದಲ್ಲಿ ಅಲ್ಲಿದ್ದ ಸೇನೆಯವರಿಂದ ಶುರುವಾದ ಆಟ ಈಗ ಊರೂರಿಗೆ ಹಬ್ಬಿದೆ. 2025ರಲ್ಲಿ ಮಹಿಳೆಯರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ಆಟಗಾರ್ತಿಯರಲ್ಲಿ ಹೆಚ್ಚಿನವರು ಆ ಕಡೆಯ ಊರುಗಳವರೇ. ಅಲ್ಲಿ ಬಯಲಿನ ಆಟಕ್ಕೆ ಕ್ಲಾಸಿಕ್ ಅಂತ ಯಾರೂ ಹೆಸರಿಟ್ಟಿಲ್ಲ. ಬಿಸಿಲೇರಿದರೆ ಮಂಜುಗಡ್ಡೆ ಮೆತ್ತಗಾಗುತ್ತದೆ ಅಂತ ಟಾಹೋ ಪಂದ್ಯಕ್ಕಿಂತ ಮೊದಲೇ ಲೇಹ್‌ನ ಮಕ್ಕಳಿಗೆ ಗೊತ್ತಿತ್ತು. ಕತ್ತಲಾದ ಮೇಲೆ ಕೊಳದ ಮೇಲೆ ನೀರು ಹಾಕುತ್ತಾರೆ. ಒಂದು ಕೈ ಗಟ್ಟಿಯಾದ ಮೇಲೆ ಇನ್ನೊಂದು ಕೈ.